ಮೊದಲ ಸಂಬಳದ ಸುಳ್ಳು

‘ಚಿಕ್ಕಮ್ಮ, ನಿಂಗೆ ಮೊದಲನೇ ತಿಂಗಳೇ ಇಪ್ಪತ್ತೈದು ಸಾವಿರ ಸಂಬಳ ಬಂದಿತ್ತಲ್ವಾ?’

ನೈಟ್ ಡ್ಯೂಟಿ ಮುಗಿಸಿ ರೂಮಿನ ಮೆಟ್ಟಿಲು ಹತ್ತುತ್ತಿದ್ದೆ. ಬೆಳಗ್ಗೆ ಎಂಟೂವರೆ ಇರಬೇಕು. ನಿದ್ದೆಗಣ್ಣಲ್ಲೇ ‘ಹೂಂ ಕಣೇ’ ಅಂದುಬಿಟ್ಟೆ. ‘ಹಾಗಾದ್ರೆ ನಾನು ಆರು ಲಕ್ಷ ಲೋನ್ ತಗೊಂಡ್ರೂ ಏನಾಗಲ್ಲ ಬಿಡು. ಮೂರು ವರ್ಷದಲ್ಲಿ ತೀರಿಸ್ತೀನಿ’ ಅಂದು ಅಕ್ಕನ ಮಗಳು ಫೋನ್ ಇಟ್ಟಳು. ನನ್ನ ನಿದ್ದೆ ಹಾರಿಹೋಯಿತು.

ಯಾಕೆಂದರೆ ನನ್ನ ಮೊದಲ ಸಂಬಳ 25,000 ಆಗಿರಲಿಲ್ಲ. 14,500 ಆಗಿತ್ತು.

ಆ ಸುಳ್ಳು ಹುಟ್ಟಿದ್ದು 2017ರಲ್ಲಿ, ಅಕ್ಕನ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಎದುರು ಸಾಲಿನಲ್ಲಿ ಕೂತಿದ್ದ ನೆಂಟರೊಬ್ಬರು ಅಪ್ಪನನ್ನು ಕೇಳಿದರು, ‘ಮಗಳು ಬೆಂಗಳೂರಲ್ಲಿ ನರ್ಸ್ ಅಂತೆ, ಎಷ್ಟು ಕೊಡ್ತಾರೆ?’ ಅಪ್ಪ ನನ್ನ ಕಡೆ ನೋಡಿದರು. ನನ್ನ ಓದಿಗೆ ಅವರು ಬ್ಯಾಂಕಿನಲ್ಲಿ ಸಹಿ ಹಾಕಿದ್ದು ಆ ಪಂಕ್ತಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ‘ಇಪ್ಪತ್ತೈದು’ ಅಂದೆ. ಅಪ್ಪ ಏನೂ ಹೇಳದೆ ಅನ್ನಕ್ಕೆ ಸಾರು ಕಲಸಿಕೊಂಡರು. ಆದರೆ ಅವರ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ನಾನು ನೋಡಿದೆ. ಆಮೇಲೆ ಆ ಸಂಖ್ಯೆಯನ್ನು ವಾಪಸ್ ತಗೊಳ್ಳುವ ಧೈರ್ಯ ನನಗೆ ಬರಲೇ ಇಲ್ಲ.

ಈಗ ಅದೇ ಸುಳ್ಳನ್ನು ಹಿಡಿದುಕೊಂಡು ನಮ್ಮ ಮನೆಯ ಇನ್ನೊಂದು ಹುಡುಗಿ ತನ್ನ ಸಾಲದ ಲೆಕ್ಕ ಹಾಕುತ್ತಿದ್ದಳು.

ಏಜೆಂಟ್ ತಂದ ಕಾಗದ

ಪುಟ್ಟಿ (ಮನೆಯಲ್ಲಿ ಅವಳನ್ನು ಕರೆಯೋದು ಹಾಗೆ) ಸೆಕೆಂಡ್ ಪಿಯು ಮುಗಿಸಿದ್ದಾಳೆ. ನರ್ಸಿಂಗೇ ಓದಬೇಕು ಅಂತ ಹಟ. ಇದು ನನ್ನನ್ನು ನೋಡಿ ಬಂದ ಆಸೆಯಲ್ಲ. ಎರಡು ವರ್ಷದ ಹಿಂದೆ ನಮ್ಮಮ್ಮ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದವಳು ಇವಳು. ಅಲ್ಲಿನ ಒಬ್ಬ ಸಿಸ್ಟರ್ ಅಜ್ಜಿಯ ಸವೆದ ಕೈಯಲ್ಲಿ ನರ ಹುಡುಕಿ, ಒಂದೇ ಸಲಕ್ಕೆ ಡ್ರಿಪ್ ಹಾಕಿದ್ದನ್ನು ಇವತ್ತಿಗೂ ಹೇಳುತ್ತಾಳೆ. ಇಂಥ ಹುಡುಗಿಗೆ ‘ಬೇಡ ಕಣೇ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಈ ಕೆಲಸ ನನಗೂ ಇಷ್ಟವೇ.

ಆ ಭಾನುವಾರ ರೈಲು ಹತ್ತಿ ತಿಪಟೂರಿಗೆ ಹೋದೆ. ಅಲ್ಲಿಂದ ಊರಿಗೆ ಆಟೊ. ಹಜಾರದಲ್ಲಿ ಭಾವ ಒಂದು ಬಣ್ಣದ ಬ್ರೋಷರ್ ಹರವಿಕೊಂಡು ಕೂತಿದ್ದರು. ಬೆಂಗಳೂರಿನ ಒಂದು ಖಾಸಗಿ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು. ಬೋಧನಾ ಶುಲ್ಕ, ಹಾಸ್ಟೆಲ್ಲು, ಯೂನಿಫಾರ್ಮು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಸುಮಾರು 8 ಲಕ್ಷ. ಅದರಲ್ಲಿ 6 ಲಕ್ಷ ಸಾಲ ಮಾಡಿಸಿಕೊಡುವುದಾಗಿ ಏಜೆಂಟ್ ಹೇಳಿದ್ದ. ‘ಸೀಟ್ ಬ್ಲಾಕ್ ಮಾಡೋಕೆ’ ಅಂತ ಭಾವನಿಂದ 10,000 ಆಗಲೇ ತಗೊಂಡು ಹೋಗಿದ್ದ. ಬ್ರೋಷರ್‌ನ ಕೊನೆಯ ಪುಟದಲ್ಲಿ ವಿಮಾನದ ಚಿತ್ರ, ಪಕ್ಕದಲ್ಲಿ ಜರ್ಮನಿ, ಇಂಗ್ಲೆಂಡ್, ದುಬೈ ಅಂತ ಬರೆದಿತ್ತು. ಕೆಳಗೆ ‘ಶೇ 100 ಉದ್ಯೋಗ’.

ಹದಿಮೂರು ವರ್ಷದ ಹಿಂದೆ ಇದೇ ಹಜಾರದಲ್ಲಿ ಹೆಚ್ಚುಕಮ್ಮಿ ಇಂಥದ್ದೇ ಕಾಗದ ನೋಡಿದ್ದೆ. ವಿಮಾನದ ಚಿತ್ರ ಅದರಲ್ಲೂ ಇತ್ತು.

ಸಾಲಕ್ಕೆ ಜೊತೆ ಸಹಿ ಯಾರದು ಅಂತ ಕೇಳಿದೆ. ಅಕ್ಕ ತಲೆ ತಗ್ಗಿಸಿದಳು. ಭಾವನ ಹೆಸರಲ್ಲಿ ಟ್ರ್ಯಾಕ್ಟರ್ ಸಾಲ ಇನ್ನೂ ಇದೆ. ಗೋಡೆಗೆ ಒರಗಿ ಕೂತಿದ್ದ ಅಪ್ಪ ಹೇಳಿದರು, ‘ನಾನೇ ಹಾಕ್ತೀನಿ ಬಿಡಮ್ಮ. ನಿಂಗೆ ಹಾಕಲಿಲ್ವಾ?’

ಅಪ್ಪನಿಗೆ ಈಗ 67.

14,500 ಬಂತು, 8,643 ಹೋಯಿತು

ಅವತ್ತು ಮಧ್ಯಾಹ್ನ ಊಟ ಆದಮೇಲೆ ನನ್ನ ಹಳೇ ಪಾಸ್‌ಬುಕ್ ತೆಗೆದು ಪುಟ್ಟಿಯ ಮುಂದೆ ಇಟ್ಟೆ. ಬೆಂಗಳೂರಿನಿಂದ ಹೊರಡುವಾಗಲೇ ಬ್ಯಾಗಿಗೆ ಹಾಕಿಕೊಂಡಿದ್ದೆ. ಅದನ್ನು ತೆರೆದು ತೋರಿಸುವುದಕ್ಕೆ ಮಾತ್ರ ಊಟ ಮುಗಿಯುವವರೆಗೂ ಮನಸ್ಸಾಗಿರಲಿಲ್ಲ.

‘ನೋಡು, 2017ರ ಸೆಪ್ಟೆಂಬರ್. ಎಷ್ಟು ಬಂದಿದೆ ಓದು.’

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. ‘ಇಪ್ಪತ್ತೈದು ಅಂದಿದ್ದೆ?’

‘ಸುಳ್ಳು ಹೇಳಿದ್ದೆ.’

ಅಕ್ಕ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಲೆಕ್ಕ ಹೇಳುತ್ತಾ ಹೋದೆ. 2013ರಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿದೆ. ವರ್ಷಕ್ಕೆ 90,000ದಂತೆ ನಾಲ್ಕು ಕಂತಿನಲ್ಲಿ ಬ್ಯಾಂಕು ಕಾಲೇಜಿಗೆ ಕೊಟ್ಟದ್ದು ಒಟ್ಟು 3 ಲಕ್ಷ 60 ಸಾವಿರ. 4 ಲಕ್ಷದ ಒಳಗಿನ ಶಿಕ್ಷಣ ಸಾಲಕ್ಕೆ ಜಮೀನು, ಮನೆ ಯಾವುದನ್ನೂ ಅಡ ಇಡಬೇಕಿರಲಿಲ್ಲ. ಅಪ್ಪನ ಸಹಿ ಸಾಕಿತ್ತು. ‘ಓದು ಮುಗಿಯೋವರೆಗೆ ಒಂದು ರೂಪಾಯಿನೂ ಕಟ್ಟೋ ಹಾಗಿಲ್ಲ’ ಅಂತ ಏಜೆಂಟ್ ಹೇಳಿದ್ದ. ಅದು ನಿಜವೇ. ಆದರೆ ಆ ನಾಲ್ಕು ವರ್ಷವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಅನ್ನುವುದನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನದು ಶೇ 12ರ ಬಡ್ಡಿ. ಕೆಲಸ ಸಿಕ್ಕಿ ಆರು ತಿಂಗಳಾಗಿ ಮೊದಲ ಕಂತು ಶುರುವಾಗುವ ಹೊತ್ತಿಗೆ 3.60 ಲಕ್ಷ ಇದ್ದದ್ದು 4 ಲಕ್ಷ 90 ಸಾವಿರದ ಹತ್ತಿರ ಬಂದಿತ್ತು. ಏಳು ವರ್ಷಕ್ಕೆ ತಿಂಗಳ ಕಂತು 8,643.

14,500ರಲ್ಲಿ 8,643 ಹೋದರೆ ಉಳಿಯುವುದು 5,857. ನಾಲ್ಕು ಜನ ಇರುವ ಪಿ.ಜಿ. ರೂಮಿಗೆ 4,500. ಉಳಿದ 1,357ರಲ್ಲಿ ಬಸ್ಸು, ಫೋನು, ಸೋಪು, ಊರಿಗೆ ಹೋಗೋ ಟಿಕೆಟ್ಟು. ಬೇರೆಯವರ ನೈಟ್ ಡ್ಯೂಟಿಯನ್ನು ನಾನು ಮಾಡಿ ಅವರಿಂದ ಇನ್ನೂರು ಮುನ್ನೂರು ತಗೊಂಡ ದಿನಗಳಿವೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಉಳಿದ ಚಪಾತಿಗೆ ಕಾದ ದಿನಗಳೂ ಇವೆ. ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೈದು ಸಾವಿರ ಸಂಬಳ ತಗೊಳ್ಳೋಳು ಇದನ್ನು ಹೇಗೆ ಹೇಳೋದು?

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ನಾನು ಮೂರನೇ ವರ್ಷದಲ್ಲಿದ್ದಾಗ, 2016ರ ಜನವರಿಯಲ್ಲಿ, ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳ ತೀರಾ ಕಡಿಮೆ ಇದೆ ಅನ್ನುವ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂತು. ಇದನ್ನು ಪರಿಶೀಲಿಸಲು ಸಮಿತಿ ರಚಿಸಿ ಅಂತ ಕೋರ್ಟು ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿ ಶಿಫಾರಸು ಕೊಟ್ಟಿತು: 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು, 200 ಹಾಸಿಗೆ ಮೀರಿದ ಕಡೆ ಆಯಾ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾಗಿ ಕೊಡಬೇಕು. ಮೇಡಂ ತರಗತಿಯಲ್ಲಿ ಇದನ್ನು ಹೇಳಿದಾಗ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಮಾರನೇ ವರ್ಷ ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ 200ಕ್ಕಿಂತ ಹೆಚ್ಚು ಹಾಸಿಗೆ ಇದ್ದವು. ಸಂಬಳ ಮಾತ್ರ 14,500. ಶಿಫಾರಸು ಬೇರೆ, ಪಾಸ್‌ಬುಕ್ ಬೇರೆ ಅನ್ನೋದು ಅವತ್ತೇ ಗೊತ್ತಾಯಿತು.

ಕಂತಿನ ಜೊತೆ ಹೋದದ್ದು

‘ಆದ್ರೂ ಈಗ ಎಲ್ಲ ತೀರಿದೆಯಲ್ಲ ಚಿಕ್ಕಮ್ಮ?’

ತೀರಿದೆ. ಹೋದ ವರ್ಷ ದೀಪಾವಳಿ ಹೊತ್ತಿಗೆ ಕೊನೆಯ ಕಂತು ಹೋಯಿತು. ಸಂಬಳವೂ ಏರಿದೆ. 2019ರಲ್ಲಿ ಆಸ್ಪತ್ರೆ ಬದಲಿಸಿದಾಗ 19,000, ಕೋವಿಡ್ ಆದಮೇಲೆ 26,000, ಈಗ ಐಸಿಯುನಲ್ಲಿ 38,000 ಕೈಗೆ ಬರುತ್ತದೆ. 3.60 ಲಕ್ಷಕ್ಕೆ ಏಳು ವರ್ಷದಲ್ಲಿ ಕಟ್ಟಬೇಕಿದ್ದದ್ದು 7 ಲಕ್ಷ 26 ಸಾವಿರ. 2020ರಲ್ಲಿ ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಬಿಟ್ಟಾಗ ನಾನೂ ಮುಂದೂಡಿದೆ. ಅಷ್ಟೂ ತಿಂಗಳ ಬಡ್ಡಿ ಸಾಲಕ್ಕೇ ಸೇರಿತು. ಹಾಗಾಗಿ ಕೊನೆಗೆ ಕಟ್ಟಿದ್ದು ಇನ್ನೂ ಸ್ವಲ್ಪ ಹೆಚ್ಚು.

ಹಣದ ಲೆಕ್ಕ ಇಷ್ಟೇ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಬೇರೆಯದಕ್ಕೆ.

2020ರಲ್ಲಿ ಏಮ್ಸ್‌ನವರು ‘ನಾರ್ಸೆಟ್’ ಅನ್ನುವ ಪರೀಕ್ಷೆ ಶುರು ಮಾಡಿದರು. ಪಾಸಾಗಿ ಆಯ್ಕೆಯಾದರೆ ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನವೇ 44,900ದಿಂದ ಶುರು, ಭತ್ಯೆಗಳು ಬೇರೆ. ನನ್ನ ಜೊತೆ ಓದಿದ ಇಬ್ಬರು ಕೆಲಸ ಬಿಟ್ಟು, ಎಂಟು ತಿಂಗಳು ಮನೆಯಲ್ಲಿ ಕೂತು ಓದಿದರು. ಒಬ್ಬಳು ಈಗ ಉತ್ತರ ಭಾರತದ ಒಂದು ಏಮ್ಸ್‌ನಲ್ಲಿದ್ದಾಳೆ. ನಾನು ಅವಳಿಗಿಂತ ದಡ್ಡಿಯಾಗಿರಲಿಲ್ಲ. ಆದರೆ ಎಂಟು ತಿಂಗಳು ಸಂಬಳ ಇಲ್ಲದೆ ಕೂತರೆ ಪ್ರತಿ ತಿಂಗಳ 5ನೇ ತಾರೀಕು ಏನು ಮಾಡಲಿ? ಗಲ್ಫ್‌ನ ಪರೀಕ್ಷೆ ಶುಲ್ಕ, ಸರ್ಟಿಫಿಕೇಟ್ ಪರಿಶೀಲನೆ ಶುಲ್ಕ, ಜರ್ಮನ್ ಕ್ಲಾಸಿನ ಫೀಸು ಎಲ್ಲದರ ಮುಂದೂ ಇದೇ 5ನೇ ತಾರೀಕು ಬಂದು ನಿಲ್ಲುತ್ತಿತ್ತು. ಮೊದಲ ಆಸ್ಪತ್ರೆಯಲ್ಲಿ ಒಬ್ಬ ನರ್ಸ್‌ಗೆ ಹದಿನಾಲ್ಕು ರೋಗಿಗಳನ್ನು ಕೊಡುತ್ತಿದ್ದರು. ಅದನ್ನು ಬಿಟ್ಟು ಬೇರೆ ಕೆಲಸ ಹುಡುಕಲು ಒಂದು ತಿಂಗಳ ಉಸಿರು ಬೇಕಿತ್ತು. ಆ ಉಸಿರು ಸಿಗಲು ಎರಡು ವರ್ಷ ಬೇಕಾಯಿತು.

ಬಡ್ಡಿ ಎಷ್ಟು ಅಂತ ಬ್ಯಾಂಕಿನ ಕಾಗದದಲ್ಲಿ ಬರೆದಿರುತ್ತದೆ. ಕೆಟ್ಟ ಕೆಲಸವನ್ನು ಬಿಡಲಾಗದೆ, ಒಳ್ಳೆಯ ಕೆಲಸಕ್ಕೆ ತಯಾರಾಗಲೂ ಆಗದೆ ಕಳೆದ ವರ್ಷಗಳ ಲೆಕ್ಕವನ್ನು ಅಲ್ಲಿ ಯಾರೂ ಬರೆದಿರುವುದಿಲ್ಲ.

ಇಲ್ಲಿ ಇನ್ನೊಬ್ಬಳ ಮಾತು ಹೇಳಲೇಬೇಕು. ನನ್ನ ಪಿಯು ಗೆಳತಿ, ಅಪ್ಪ ಇಲ್ಲದ ಹುಡುಗಿ. ಅವಳು ಸಾಲದ ಗೋಜಿಗೇ ಹೋಗದೆ ಸರ್ಕಾರಿ ಶಾಲೆಯಲ್ಲಿ ಜಿಎನ್‌ಎಂ ಡಿಪ್ಲೊಮಾ ಸೇರಿದ್ದಳು. ‘ಡಿಗ್ರಿ ಅಲ್ಲ, ಡಿಪ್ಲೊಮಾ’ ಅಂತ ನಾವು ಒಳಗೊಳಗೇ ನಕ್ಕಿದ್ದೆವು. ಅವಳ ಮೊದಲ ಸಂಬಳ 9,000. ನನಗಿಂತ ಎಷ್ಟೋ ಕಡಿಮೆ. ಆದರೆ ಆ 9,000 ಪೂರ್ತಿ ಅವಳದು. ಎರಡು ವರ್ಷ ದುಡಿದು, ಕೈಯಲ್ಲಿ ಸ್ವಲ್ಪ ಇಟ್ಟುಕೊಂಡು, ಇನ್ನೆರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದಳು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಅವಳ ಜೊತೆ ಜಿಎನ್‌ಎಂ ಮುಗಿಸಿದ ಎಷ್ಟೋ ಜನ ಸಣ್ಣ ನರ್ಸಿಂಗ್ ಹೋಮುಗಳಲ್ಲೇ ಉಳಿದಿದ್ದಾರೆ. ಎಂ.ಎಸ್ಸಿ. ಮಾಡಬೇಕು, ಪಾಠ ಹೇಳಬೇಕು ಅಂದರೆ ಬಿ.ಎಸ್ಸಿ. ಬೇಕೇ ಬೇಕು. ನಾರ್ಸೆಟ್‌ಗೂ ಬಿ.ಎಸ್ಸಿ.ಯವರು ನೇರವಾಗಿ ಕೂರಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ಡಿಗ್ರಿಗೆ ಬೆಲೆ ಇದೆ. ಪ್ರಶ್ನೆ ಆ ಬೆಲೆ ಎಷ್ಟು ಅನ್ನೋದು.

ಕ್ಯಾಲೆಂಡರಿನ ಹಿಂದೆ ಮೂರು ಕಾಲಂ

ಪುಟ್ಟಿ ಹೋದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ತಂದಳು. ಹಿಂದೆ ಮೂರು ಕಾಲಂ ಗೆರೆ ಎಳೆದೆವು.

ಮೊದಲನೆಯದು ಏಜೆಂಟ್ ಹೇಳಿದ ಸೀಟು. ಸಾಲ 6 ಲಕ್ಷ, ವರ್ಷಕ್ಕೆ ಒಂದೂವರೆ ಲಕ್ಷದಂತೆ. ಬಡ್ಡಿ ಶೇ 10 ಅಂತ ಇಟ್ಟುಕೊಂಡೆವು. ಓದುವ ನಾಲ್ಕು ವರ್ಷ, ಆಮೇಲೆ ಬ್ಯಾಂಕು ಬಿಡುವ ಒಂದು ವರ್ಷ. ಈ ಐದು ವರ್ಷದಲ್ಲಿ ಬರೀ ಬಡ್ಡಿಯೇ 2 ಲಕ್ಷ 10 ಸಾವಿರ. ಕಟ್ಟಲು ಶುರು ಮಾಡುವ ದಿನ ಸಾಲ 8 ಲಕ್ಷ 10 ಸಾವಿರ. ಹತ್ತು ವರ್ಷದ ಅವಧಿ ತಗೊಂಡರೂ ತಿಂಗಳಿಗೆ 10,704. ಕೊನೆಗೆ ಕಟ್ಟುವುದು 12 ಲಕ್ಷ 84 ಸಾವಿರ. ಫೋನಿನ ಇಎಂಐ ಕ್ಯಾಲ್ಕುಲೇಟರ್‌ನಲ್ಲಿ ಆ ಸಂಖ್ಯೆ ಬಂದಾಗ ಭಾವ ಎದ್ದು ಬಂದು ಕನ್ನಡಕ ಹಾಕಿಕೊಂಡು ನೋಡಿದರು.

ಎರಡನೆಯದು ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು. ಪುಟ್ಟಿ ಸಿಇಟಿ ಬರೆದಿದ್ದಳು. ರ‍್ಯಾಂಕ್ ಊರಿಗೆಲ್ಲ ಹೇಳಿಕೊಂಡು ಬರುವಂಥದ್ದಲ್ಲ, ಆದರೆ ಬೆಂಗಳೂರು ಬಿಟ್ಟು ಬೇರೆ ಊರಿಗೆ ಹೋಗಲು ತಯಾರಿದ್ದರೆ ಸೀಟು ಸಿಗಬಹುದು ಅನ್ನುವಂಥದ್ದು. ಶುಲ್ಕ ಕಡಿಮೆ. ಹಾಸ್ಟೆಲ್ಲೂ ಸೇರಿ ನಾಲ್ಕು ವರ್ಷಕ್ಕೆ 3 ಲಕ್ಷ ಅಂತ ಅಂದಾಜು ಹಾಕಿದೆವು. ಒಂದು ಲಕ್ಷ ಮನೆಯಿಂದ, 2 ಲಕ್ಷ ಸಾಲ. ಅದೇ ಬಡ್ಡಿ, ಅದೇ ಅವಧಿ ಇಟ್ಟರೆ ತಿಂಗಳಿಗೆ 3,568.

ಮೂರನೆಯದು ಸರ್ಕಾರಿ ಜಿಎನ್‌ಎಂ. ಸಾಲ ಸೊನ್ನೆ. ಓದು ಮೂರು ವರ್ಷ.

ಕೆಳಗೆ ನಾಲ್ಕನೇ ಸಾಲು ಬರೆಯಬೇಕಿತ್ತು: ಮೊದಲ ಸಂಬಳ. ಬ್ರೋಷರ್‌ನದಲ್ಲ, ನನ್ನ ಬಾಯಿಂದ ಬಂದದ್ದೂ ಅಲ್ಲ. ಹಿಂದಿನ ವಾರ ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ಹುಡುಗಿಯರನ್ನು ಕೂರಿಸಿಕೊಂಡು, ಪಿ.ಎಫ್. ಎಲ್ಲ ಹೋಗಿ ಕೈಗೆ ಎಷ್ಟು ಬರುತ್ತೆ, ನಿಜ ಹೇಳಿ ಅಂತ ಕೇಳಿದ್ದೆ. ಒಬ್ಬೊಬ್ಬರದೂ ಒಂದೊಂದು. 19,000ದಿಂದ 23,000ದ ಒಳಗೆ. ಒಬ್ಬಳು ಹೇಳಿದ ಮೇಲೆ ಮೆಲ್ಲಗೆ ಸೇರಿಸಿದಳು, ‘ಅಕ್ಕ, ಮನೇಲಿ ಮೂವತ್ತು ಅಂದಿದೀನಿ.’ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನಂಥವರು ಎಲ್ಲ ವಾರ್ಡಿನಲ್ಲೂ ಇದ್ದಾರೆ.

20,000 ಅಂತ ಬರೆದೆವು. ಅದರಲ್ಲಿ 10,704 ಹೋದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಹತ್ತು ವರ್ಷದ ಹಿಂದಿನ ನನ್ನ ಕಥೆಯೇ, ಸಂಖ್ಯೆ ಮಾತ್ರ ದೊಡ್ಡದು. 3,568 ಹೋದರೆ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಪಿ.ಜಿ.ಗೆ 9,000, ಓಡಾಟ, ಫೋನು, ಮನೆಗೆ ಒಂದಿಷ್ಟು ಕೊಟ್ಟ ಮೇಲೂ ಉಸಿರಾಡಬಹುದು. ನಾನು ನನ್ನ ಅನುಭವದಿಂದ ಒಂದು ಗೆರೆ ಎಳೆದುಕೊಂಡಿದ್ದೇನೆ: ಕಂತು ಮೊದಲ ಸಂಬಳದ ಕಾಲು ಭಾಗ ದಾಟಬಾರದು. ಐದನೇ ವರ್ಷದ ಸಂಬಳವನ್ನೋ ದುಬೈ ಸಂಬಳವನ್ನೋ ನಂಬಿ ಲೆಕ್ಕ ಹಾಕಬಾರದು. ಅಲ್ಲಿಗೆ ಹೋಗುವ ಮೊದಲು ಇಲ್ಲಿನ ಮೂರು ವರ್ಷ ದಾಟಬೇಕಲ್ಲ.

ಇನ್ನೂ ಕೆಲವು ವಿಷಯ ಅವಳಿಗೆ ಬರೆದುಕೊಟ್ಟೆ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಸಾಲ ಬೆಳೆಯುವುದಿಲ್ಲ. 2 ಲಕ್ಷದ ಸಾಲಕ್ಕೆ ಮೊದಲ ವರ್ಷ ಅದು ತಿಂಗಳಿಗೆ 417 ರೂಪಾಯಿ, ನಾಲ್ಕನೇ ವರ್ಷಕ್ಕೆ 1,667. ಹಾಗೆ ಕಟ್ಟುವವರಿಗೆ ಬ್ಯಾಂಕುಗಳು ಬಡ್ಡಿ ದರದಲ್ಲಿ ಸ್ವಲ್ಪ ರಿಯಾಯಿತಿಯನ್ನೂ ಕೊಡುವುದುಂಟು. ಮನೆಯ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದಲೂ ಇದೆ. ಕಾಲೇಜು ಮತ್ತು ಸೀಟು ಅದರ ನಿಯಮಕ್ಕೆ ಹೊಂದುತ್ತದಾ ಅಂತ ಸೇರುವ ಮುಂಚೆ ಬ್ಯಾಂಕಿನಲ್ಲೇ ಕೇಳಬೇಕು. ನನ್ನ ಕಾಲದಲ್ಲೂ ಆ ಯೋಜನೆ ಇತ್ತು. ನಮಗೆ ಹೇಳುವವರು ಇರಲಿಲ್ಲ, ಆದಾಯ ಪ್ರಮಾಣಪತ್ರ ಕೊಡಲಿಲ್ಲ, ಸಿಗಲಿಲ್ಲ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನೀಟ್ ಬರೆದಿದ್ದರೆ ಸೇನೆಯ ನರ್ಸಿಂಗ್ ಕಾಲೇಜುಗಳಿಗೂ ಪ್ರಯತ್ನಿಸಬಹುದಿತ್ತು. ಅಲ್ಲಿ ಆಯ್ಕೆಯಾದ ಹುಡುಗಿಯರಿಗೆ ಓದು ಉಚಿತ, ಆಮೇಲೆ ಸೇನೆಯಲ್ಲಿ ಸೇವೆ ಮಾಡುವ ಬಾಂಡ್. ಪುಟ್ಟಿ ನೀಟ್ ಬರೆದಿರಲಿಲ್ಲ. ಫಸ್ಟ್ ಪಿಯುನಲ್ಲಿರುವ ಹುಡುಗಿಯರು ಇದನ್ನು ಓದುತ್ತಿದ್ದರೆ ಗಮನದಲ್ಲಿಟ್ಟುಕೊಳ್ಳಿ.

ಕಾಲೇಜಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್, ರಾಜ್ಯ ನರ್ಸಿಂಗ್ ಕೌನ್ಸಿಲ್, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇವುಗಳ ಪಟ್ಟಿಯಲ್ಲಿ ಈ ಕಾಲೇಜು ಇದೆಯಾ? ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಹಾಸಿಗೆ? ಇಲ್ಲದಿದ್ದರೆ ಕ್ಲಿನಿಕಲ್ ಪೋಸ್ಟಿಂಗ್‌ಗೆ ಎಲ್ಲಿಗೆ ಕಳಿಸುತ್ತೀರಿ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ನೋಡಿ ವಾಪಸ್ ಕೊಡುತ್ತೀರಾ, ಇಟ್ಟುಕೊಳ್ಳುತ್ತೀರಾ? ಹೋದ ವರ್ಷ ಮುಗಿಸಿದ ಇಬ್ಬರ ಫೋನ್ ನಂಬರ್ ಕೊಡುತ್ತೀರಾ? ಭಾವ ಅಲ್ಲೇ ಕೂತು ಏಜೆಂಟ್‌ಗೆ ಫೋನ್ ಮಾಡಿ ಇದೇ ಪ್ರಶ್ನೆಗಳನ್ನು ಕೇಳಿದರು. ಮೊದಲ ಪ್ರಶ್ನೆಗೆ ‘ಎಲ್ಲ ಇದೆ ಸಾರ್’ ಅಂದ. ಆಸ್ಪತ್ರೆಯ ಪ್ರಶ್ನೆಗೆ ‘ಟೈ-ಅಪ್ ಇದೆ ಸಾರ್’ ಅಂದ. ಇಬ್ಬರ ನಂಬರ್ ಕೇಳಿದಾಗ ‘ನಾಳೆ ಕಳಿಸ್ತೀನಿ’ ಅಂದ. ಆ ನಾಳೆ ಇನ್ನೂ ಬಂದಿಲ್ಲ. ಹತ್ತು ಸಾವಿರವೂ ಬಂದಿಲ್ಲ.

ಅಟ್ಟದ ಮೇಲಿನ ಕಾಯಿ

ಸಂಜೆ ನಾನು ಹೊರಡುವ ಹೊತ್ತಿಗೆ ಅಪ್ಪ ತೋಟದ ಕಡೆ ಬಾ ಅಂದರು. ಇಷ್ಟು ಹೊತ್ತೂ ಅವರು ಒಂದು ಮಾತೂ ಆಡಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬೇಜಾರಾಗಿರಬೇಕು ಅಂದುಕೊಂಡು, ‘ಅಪ್ಪ, ಅವತ್ತು ಎಲ್ಲರ ಮುಂದೆ...’ ಅಂತ ಶುರು ಮಾಡಿದೆ.

‘ನಂಗೆ ಗೊತ್ತಿತ್ತು ಬಿಡಮ್ಮ’ ಅಂದರು.

2018ರ ಮಳೆಗಾಲದಲ್ಲಿ ನನಗೆ ಡೆಂಗಿ ಆಗಿತ್ತು. ಮೂರು ವಾರ ಸಂಬಳವಿಲ್ಲದ ರಜೆ. ಎರಡು ಕಂತು ತಪ್ಪಿದವು. ಮೂರನೇ ತಿಂಗಳು ಹೆದರುತ್ತಾ ಬ್ಯಾಂಕಿಗೆ ಫೋನ್ ಮಾಡಿದರೆ ‘ಬಾಕಿ ಕ್ಲಿಯರ್ ಆಗಿದೆ’ ಅಂದಿದ್ದರು. ಅಪ್ಪನನ್ನು ಕೇಳಿದ್ದಕ್ಕೆ, ‘ಏನೋ ಹೆಚ್ಚುಕಮ್ಮಿ ಆಗಿತ್ತಂತೆ, ಕೈಯಲ್ಲಿ ಕಾಸಿತ್ತು, ಕಟ್ಟಿದೆ’ ಅಂದಿದ್ದರು. ನಾನೂ ಅಷ್ಟಕ್ಕೇ ಬಿಟ್ಟಿದ್ದೆ.

ಕೈಯಲ್ಲಿ ಕಾಸಿರಲಿಲ್ಲ. ಸಾಲದಲ್ಲಿ ಅವರ ಸಹಿಯೂ ಇದ್ದದ್ದರಿಂದ ನೋಟಿಸ್ ಅವರ ಹೆಸರಿಗೂ ಬಂದಿತ್ತು. ಪೋಸ್ಟ್‌ಮ್ಯಾನ್ ಅದನ್ನು ಟೀ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ ಕೈಗೆ ಕೊಟ್ಟಿದ್ದ. ಅಟ್ಟದ ಮೇಲೆ ಆ ವರ್ಷದ ಕಾಯಿ ಇತ್ತು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದರೆ ಉಂಡೆ ಕೊಬ್ಬರಿ ಆಗುತ್ತದೆ, ಆಗ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ. ಅಪ್ಪ ಇನ್ನೂ ಐದು ತಿಂಗಳ ಕಾಯಿಯನ್ನೇ ಇಳಿಸಿ, ಸಿಕ್ಕ ಬೆಲೆಗೆ ಕೊಟ್ಟು, ಎರಡು ಕಂತು ಮತ್ತು ದಂಡ ಕಟ್ಟಿ ಬಂದಿದ್ದರು.

‘ಇಪ್ಪತ್ತೈದು ಬರೋಳಾಗಿದ್ರೆ ಎಂಟೂವರೆ ಕಟ್ಟಕ್ಕೆ ಆಗ್ತಿರಲಿಲ್ವಾ? ಅವತ್ತೇ ತಿಳೀತು. ನಾಲ್ಕು ಜನರ ಮುಂದೆ ನನ್ನ ಮರ್ಯಾದೆಗೆ ಅಂತ ಹೇಳಿದ್ದೀಯ, ಇರಲಿ ಅಂತ ಸುಮ್ಮನಾದೆ.’

ಎಂಟು ವರ್ಷ ನಾನು ಅವರಿಗೋಸ್ಕರ ಸುಳ್ಳು ಹೇಳುತ್ತಾ ಬಂದಿದ್ದೆ. ಎಂಟು ವರ್ಷ ಅವರು ನನಗೋಸ್ಕರ ಅದನ್ನು ನಂಬಿದ ಹಾಗೆ ಇದ್ದರು. ಈ ನಡುವೆ ಪುಟ್ಟಿ ಮಾತ್ರ ಅದನ್ನು ನಿಜವಾಗಿಯೂ ನಂಬಿದ್ದಳು.

‘ಈಗ್ಲೂ ಸಹಿ ಹಾಕ್ತೀನಿ ಅಂದ್ಯಲ್ಲಪ್ಪ, ಎಲ್ಲ ಗೊತ್ತಿದ್ದೂ?’

‘ಮಗು ಓದ್ತೀನಿ ಅಂತದೆ. ಬೇಡ ಅನ್ನಕ್ಕಾಗುತ್ತಾ? ಆದ್ರೆ ನೀನು ಇವತ್ತು ಹೇಳಿದ್ದು ಒಳ್ಳೇದಾಯ್ತು’ ಅಂದು, ಬಿದ್ದಿದ್ದ ಒಂದು ಗರಿಯನ್ನು ಎಳೆದು ಬೇಲಿಗೆ ಒರಗಿಸಿದರು.

ಮರುವಾರ ಪುಟ್ಟಿ ಸಿಇಟಿಯ ಆಯ್ಕೆಗಳನ್ನು ದಾಖಲಿಸಿದಳು. ಮೊದಲ ಐದೂ ಸರ್ಕಾರಿ ಕೋಟಾದ ಸೀಟುಗಳು, ಎಲ್ಲವೂ ಆಸ್ಪತ್ರೆ ಪಕ್ಕದಲ್ಲೇ ಇರುವ ಕಾಲೇಜುಗಳು, ಒಂದೂ ಬೆಂಗಳೂರಿನದಲ್ಲ. ಒಂದೂ ಸಿಗದಿದ್ದರೆ ಜಿಎನ್‌ಎಂ ಅರ್ಜಿಯೂ ಹಾಕಿಟ್ಟಿದ್ದಾಳೆ. ಸಾಲ 2 ಲಕ್ಷ ದಾಟಿಸಬಾರದು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದೇವೆ. ಜೊತೆ ಸಹಿ ಅಪ್ಪನದಲ್ಲ, ನನ್ನದು. ಓದುವಷ್ಟು ವರ್ಷ ತಿಂಗಳ ಬಡ್ಡಿಯನ್ನೂ ನಾನೇ ಕಟ್ಟುತ್ತೇನೆ. ನನ್ನ ಖಾತೆಯಲ್ಲಿ 5ನೇ ತಾರೀಕು ಈಗ ಖಾಲಿ ಇದೆಯಲ್ಲ.

ಕ್ಯಾಲೆಂಡರ್ ಹಾಳೆಯನ್ನು ಅವಳು ಬಿಸಾಡಿಲ್ಲ. ಫೋಟೊ ತೆಗೆದು ತನ್ನ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಲಾ ಅಂತ ಕೇಳಿದಳು. ಅವಳ ಜೊತೆಯ ಆರು ಹುಡುಗಿಯರು ನರ್ಸಿಂಗ್‌ಗೆ ಹೋಗುವವರಿದ್ದಾರಂತೆ.

‘ನಿನ್ನ ಹದಿನಾಲ್ಕೂವರೆ ಸಾವಿರಾನೂ ಅದರಲ್ಲಿದೆ ಚಿಕ್ಕಮ್ಮ. ಅಳಿಸಲಾ?’

‘ಬೇಡ, ಇರಲಿ’ ಅಂದೆ.